ಮಳೆ ಬಂದರೂ ನೀರು ನಿಲ್ಲದ ಊರು

ಫ್ರಾನ್ಸಿನ ಹಳ್ಳಿ ಅಂದ ಕೂಡಲೇ ನಮ್ಮ ಕಣ್ಣಮುಂದೆ ಬರುವುದು ಒಂದು ಕ್ಯಾಲೆಂಡರ್ ಚಿತ್ರ. ಊರ ಮಗ್ಗುಲಲ್ಲಿ ಸಣ್ಣ ಹೊಳೆ, ಅದಕ್ಕೊಂದು ಕಲ್ಲು ಸೇತುವೆ, ಆಚೆ ದ್ರಾಕ್ಷಿ ತೋಟ, ಈಚೆ ಹಸಿರು ಹುಲ್ಲಿನಲ್ಲಿ ನಿಂತ ದಪ್ಪ ದಪ್ಪ ಹಸು. ಲಾ ಕುವೆರ್ತ್ವಾರಾದ್ ಅನ್ನುವ ಊರಿಗೆ ಹೋದರೆ ಇದರಲ್ಲಿ ಒಂದೂ ಸಿಗುವುದಿಲ್ಲ. ಹೊಳೆ ಇಲ್ಲ, ಸೇತುವೆ ಇಲ್ಲ, ದ್ರಾಕ್ಷಿ ಇಲ್ಲ. ಕಣ್ಣು ಹಾಯುವಷ್ಟು ದೂರ ಬೂದು ಕಲ್ಲು, ಒಣ ಹುಲ್ಲು, ಅಲ್ಲಲ್ಲಿ ಗಿಡ್ಡ ಪೊದೆ. ನಡುವೆ ಕೋಟೆ ಕಟ್ಟಿಕೊಂಡ ಪುಟ್ಟ ಊರು.

ಈ ಊರಿರುವುದು ದಕ್ಷಿಣ ಫ್ರಾನ್ಸಿನ ಆವೇರೋಂ ಜಿಲ್ಲೆಯಲ್ಲಿ, ಲಾರ್ಝಾಕ್ ಎಂಬ ಪ್ರಸ್ಥಭೂಮಿಯ ಮೇಲೆ. ಸಮುದ್ರ ಮಟ್ಟದಿಂದ 700 ಮೀಟರ್‌ಗೂ ಮೇಲೆ. ಸುತ್ತಲ ಸಣ್ಣಪುಟ್ಟ ಕೇರಿಗಳನ್ನೂ ಸೇರಿಸಿದರೆ ಜನ ಸುಮಾರು 200. ಇಲ್ಲಿ ಮಳೆಯೇ ಬರುವುದಿಲ್ಲ ಅಂದುಕೊಳ್ಳಬೇಡಿ. ಶರತ್ಕಾಲದಲ್ಲಿ ಮೆಡಿಟರೇನಿಯನ್ ಕಡೆಯಿಂದ ಮೋಡ ಎದ್ದು ಬಂದರೆ ಒಂದೇ ದಿನಕ್ಕೆ ಧೋ ಅಂತ ಸುರಿದು ಹೋಗುತ್ತದೆ. ಮಾರನೇ ದಿನ ನೋಡಿದರೆ ನೆಲ ಒಣಗಿರುತ್ತದೆ. ಹಾಗಾದರೆ ಆ ನೀರೆಲ್ಲ ಎಲ್ಲಿಗೆ ಹೋಯಿತು?

ಈ ಒಂದು ಪ್ರಶ್ನೆಯ ಬಾಲ ಹಿಡಿದು ಹೊರಟರೆ ಊರಿನ ಮನೆ, ಹೊಲ, ಕುರಿ, ಚೀಸ್, ಕೊನೆಗೆ ಅಲ್ಲಿನ ರಾಜಕೀಯ ಕೂಡ ಒಂದರ ಹಿಂದೆ ಒಂದು ಬಿಚ್ಚಿಕೊಳ್ಳುತ್ತದೆ.

ಸೋರುವ ನೆಲ

ಸುಮಾರು 15ರಿಂದ 20 ಕೋಟಿ ವರ್ಷಗಳ ಹಿಂದೆ ಇಲ್ಲಿ ಸಮುದ್ರವಿತ್ತು. ಚಿಪ್ಪು, ಕೆಸರು ಎಲ್ಲ ತಳದಲ್ಲಿ ಪದರ ಪದರವಾಗಿ ಕೂತು ಸುಣ್ಣದಕಲ್ಲಾಯಿತು. ಆಮೇಲೆ ನೆಲ ಮೇಲೆದ್ದಿತು. ಈ ತರಹದ ಸುಣ್ಣದಕಲ್ಲಿನ ಬಯಲಿಗೆ ಅಲ್ಲಿಯವರು ‘ಕೋಸ್’ ಅನ್ನುತ್ತಾರೆ. ಆ ಹೆಸರಿನಲ್ಲೇ ಸುಣ್ಣ ಇದೆ. ಇಂಥ ಕೋಸ್‌ಗಳು ಆ ಸೀಮೆಯಲ್ಲಿ ಹಲವು. ಲಾರ್ಝಾಕ್ ಅವುಗಳಲ್ಲಿ ದೊಡ್ಡದು.

ಸುಣ್ಣದಕಲ್ಲಿಗೆ ಒಂದು ದೌರ್ಬಲ್ಯ ಇದೆ. ಮಳೆನೀರು ಗಾಳಿಯಿಂದಲೂ ಮಣ್ಣಿನಿಂದಲೂ ಇಂಗಾಲದ ಡೈಆಕ್ಸೈಡ್ ಎತ್ತಿಕೊಂಡು ಸ್ವಲ್ಪ ಹುಳಿಯಾಗುತ್ತದೆ. ತೀರಾ ಸ್ವಲ್ಪ, ಸೋಡಾ ನೀರಿಗಿಂತ ಎಷ್ಟೋ ಕಡಿಮೆ. ಆ ಹುಳಿಗೆ ಸುಣ್ಣದಕಲ್ಲು ನಿಧಾನಕ್ಕೆ ಕರಗುತ್ತದೆ. ಮೊದಲು ಕೂದಲೆಳೆಯಷ್ಟು ಸೀಳು. ಆ ಸೀಳಿನಲ್ಲಿ ನೀರು ಹರಿದಷ್ಟೂ ಸೀಳು ಅಗಲವಾಗುತ್ತದೆ, ಅಗಲವಾದಷ್ಟೂ ಇನ್ನಷ್ಟು ನೀರು ಹರಿಯುತ್ತದೆ. ಲಕ್ಷಾಂತರ ವರ್ಷ ಇದೇ ನಡೆದರೆ ಒಳಗೆ ಗುಹೆ, ಸುರಂಗ, ಪಾತಾಳದಂಥ ಬಾವಿಗಳು ಹುಟ್ಟುತ್ತವೆ. ಮೇಲೆ ನೋಡಿದರೆ ಗಟ್ಟಿ ಬಂಡೆ. ಒಳಗೆ ಮಾತ್ರ ಜರಡಿ.

ಈ ಜರಡಿಯಲ್ಲಿ ಇಳಿದ ನೀರು ಕೊನೆಗೆ ಜೇಡಿ ಪದರ ಸಿಕ್ಕಿದ ಕಡೆ ತಡೆದು ನಿಲ್ಲುತ್ತದೆ, ಅಡ್ಡಕ್ಕೆ ಹರಿಯುತ್ತದೆ, ಪ್ರಸ್ಥಭೂಮಿಯ ಬುಡದಲ್ಲಿ ಬುಗ್ಗೆಯಾಗಿ ಹೊರಗೆ ಬರುತ್ತದೆ. ನಾಂ ಎಂಬ ಊರಿನ ಹತ್ತಿರ ದ್ಯುರ್ಝೋಂ ಅನ್ನುವ ಬುಗ್ಗೆ ಇದೆ. ಬಂಡೆಯ ಕಾಲ ಬಳಿಯ ಮಡುವಿನಿಂದ ಹಸಿರು ನೀಲಿ ನೀರು ಉಕ್ಕಿ ಹೊಳೆಯಾಗಿಯೇ ಹೊರಡುತ್ತದೆ. ಮೇಲಿನ ಊರುಗಳ ಮೇಲೆ ಬಿದ್ದ ಮಳೆ ಕೆಳಗಿನ ಊರುಗಳ ತೋಟಕ್ಕೆ ಹೋಗುವುದು ಹೀಗೆ. ಮೇಲಿನವರಿಗೆ ಮೋಡ, ಕೆಳಗಿನವರಿಗೆ ನೀರು. ಅನ್ಯಾಯ ಅಂತ ಯಾರ ಹತ್ತಿರ ಹೇಳೋದು!

ಕೆಲವು ಕಡೆ ಒಳಗಿನ ಕಲ್ಲು ಕರಗಿ ಮೇಲಿನ ನೆಲ ಬಟ್ಟಲಿನ ಹಾಗೆ ತಗ್ಗಾಗುತ್ತದೆ. ಸುಣ್ಣದಕಲ್ಲು ಕರಗಿದ ಮೇಲೆ ಉಳಿಯುವ ಕೆಂಪು ಜೇಡಿ ಮಣ್ಣು ಮಳೆಗೆ ತೊಳೆದುಕೊಂಡು ಬಂದು ಆ ಬಟ್ಟಲಿನ ತಳದಲ್ಲಿ ಕೂರುತ್ತದೆ. ಇದಕ್ಕೆ ಅಲ್ಲಿನ ಹೆಸರು ‘ಸೋಚ್’. ಲಾರ್ಝಾಕ್‌ನಲ್ಲಿ ಉಳುಮೆ ಮಾಡಲು ಬರುವ ಮಣ್ಣು ಬಹುಪಾಲು ಇಂಥ ತಗ್ಗುಗಳಲ್ಲೇ ಇರುವುದು. ಎತ್ತರದ ಜಾಗದಲ್ಲಿ ನಿಂತು ನೋಡಿದರೆ ಬೂದು ಬಯಲಿನಲ್ಲಿ ಅಲ್ಲೊಂದು ಇಲ್ಲೊಂದು ಕೆಂಪನೆಯ, ಹಸಿರಿನ ತೇಪೆ ಹಾಕಿದಂತೆ ಕಾಣುತ್ತದೆ. ಆ ತೇಪೆಗಳೇ ಹೊಲ. ಉಳಿದಿದ್ದೆಲ್ಲ ಮೇಯಿಸಲು.

ಕುರಿಗೆ ಕಟ್ಟಿದ ಬೋಗುಣಿ

ಕೋಟೆ ಗೋಡೆಯ ಹೊರಗೆ ಒಂದು ವಿಚಿತ್ರವಾದ ಕೊಳ ಇದೆ. ‘ಲಾವೋನ್ಯ’ ಅಂತ ಅದರ ಹೆಸರು. ಕೊಳ ಅನ್ನುವುದಕ್ಕಿಂತ ನೆಲದಲ್ಲಿ ಹೂತಿಟ್ಟ ದೊಡ್ಡ ಬೋಗುಣಿ ಅನ್ನಬಹುದು. ಗುಂಡಗೆ, ಆಳವಿಲ್ಲದೆ, ಅಂಚಿನಿಂದ ನಡುವಿನ ತನಕ ನಿಧಾನಕ್ಕೆ ಇಳಿಜಾರು. ಇಡೀ ಬೋಗುಣಿಗೆ ಕಲ್ಲು ಹಾಸಿದ್ದಾರೆ, ಕಲ್ಲುಗಳ ನಡುವೆ ಒಂದು ಬೆರಳು ಸಂದು ಸಹ ಇಲ್ಲದ ಹಾಗೆ.

ಇದನ್ನು ಕಟ್ಟುವುದರಲ್ಲಿ ಒಂದು ಉಪಾಯ ಇದೆ. ನೀರು ಹಿಡಿದಿಡುವುದು ಕಲ್ಲಲ್ಲ, ಅದರ ಕೆಳಗಿನ ಜೇಡಿ ಮಣ್ಣು. ಮಳೆನೀರು ತಾನಾಗಿ ಹರಿದು ಬರುವ ತಗ್ಗು ಹುಡುಕಿ, ಜೇಡಿ ತುಂಬಿ, ಚೆನ್ನಾಗಿ ತುಳಿದು ಮೆತ್ತುತ್ತಾರೆ. ಅಷ್ಟಕ್ಕೇ ಬಿಟ್ಟರೆ ಏನಾಗುತ್ತದೆ? ದಿನಕ್ಕೆ ಎರಡು ಸಲ ನೂರಾರು ಕುರಿ ನೀರಿಗಿಳಿಯುತ್ತವೆ. ಒಂದೊಂದು ಕುರಿಗೆ ನಾಲ್ಕು ಚೂಪು ಗೊರಸು. ಒಂದು ವಾರದಲ್ಲಿ ಜೇಡಿ ತೂತಾಗಿ ನೀರೆಲ್ಲ ಪಾತಾಳಕ್ಕೆ. ಗೊರಸು ಜೇಡಿಗೆ ತಾಗದ ಹಾಗೆ ತಡೆಯುವುದಕ್ಕೇ ಆ ಕಲ್ಲು ಹಾಸು. ಇಳಿಜಾರು ಯಾಕೆ ಅಂದರೆ, ನೀರು ಎಷ್ಟು ಕಡಿಮೆಯಾದರೂ ಕುರಿ ಅಂಚಿನ ತನಕ ನಡೆದು ಹೋಗಿ ಬಾಯಿ ಹಾಕಬೇಕು, ಬಿದ್ದು ಮುಳುಗಬಾರದು. ಹೀಗೆ ನೋಡಿದರೆ ಇದು ಕುರಿಯ ಕಾಲಿನ ಅಳತೆ ತೆಗೆದುಕೊಂಡು ಕಟ್ಟಿದ ಕೆರೆ.

ಜನರಿಗೆ ಕುಡಿಯುವ ನೀರು ಬೇರೆ. ಅದು ಮನೆಯ ಮಾಡಿನಿಂದ ಬರುತ್ತಿತ್ತು. ಚಪ್ಪಡಿ ಕಲ್ಲು ಹೊದಿಸಿದ ಮಾಡಿನ ಮೇಲೆ ಬಿದ್ದ ಮಳೆ ದೋಣಿಯಲ್ಲಿ ಹರಿದು ನೆಲಮಟ್ಟದ ಕಲ್ಲಿನ ತೊಟ್ಟಿಗೆ ಬೀಳುತ್ತಿತ್ತು. ಈಗ ಇದಕ್ಕೆ ಮಳೆಕೊಯ್ಲು ಅಂತ ಹೆಸರಿಟ್ಟು ಕಾರ್ಯಾಗಾರ ನಡೆಸುತ್ತೇವೆ. ಅವರಿಗೆ ಅದು ಮನೆ ಕಟ್ಟುವ ಮಾಮೂಲಿ ಕ್ರಮ. ಕಲ್ಲು ಚಪ್ಪಡಿಯ ಮಾಡು ಭಾರೀ ತೂಕ. ಅಷ್ಟು ತೂಕ ಹೊರುವ ದೊಡ್ಡ ಮರ ಈ ಬಯಲಿನಲ್ಲಿ ಎಲ್ಲಿಂದ ತರುವುದು? ಹಾಗಾಗಿ ತೊಲೆ ಬಿಟ್ಟು ಕಲ್ಲಿನಲ್ಲೇ ಕಮಾನು ಕಟ್ಟಿದರು. ಕೆಳಗೆ ಕಮಾನಿನ ಕೋಣೆಯಲ್ಲಿ ಕುರಿ, ಹೊರಗಿನಿಂದ ಕಲ್ಲು ಮೆಟ್ಟಿಲು ಹತ್ತಿ ಮೇಲಕ್ಕೆ ಹೋದರೆ ಮನುಷ್ಯರು. ಚಳಿಗಾಲದಲ್ಲಿ ಕೆಳಗಿನ ಕುರಿಗಳ ಬಿಸಿ ಮೇಲಿನವರಿಗೆ ಬಿಟ್ಟಿ. ವಾಸನೆಯೂ ಬಿಟ್ಟಿಯೇ ಅನ್ನಿ.

ಕೆಲವು ಮನೆಯ ಬಾಗಿಲಿಗೆ ದೊಡ್ಡ ಸೂರ್ಯನ ಹಾಗಿರುವ ಒಣ ಹೂವೊಂದನ್ನು ಮೊಳೆ ಹೊಡೆದು ಅಂಟಿಸಿರುತ್ತಾರೆ. ಅದು ಕಾರ್ದಬೆಲ್, ನೆಲಕ್ಕೆ ಅಂಟಿಕೊಂಡು ಬೆಳೆಯುವ ಮುಳ್ಳುಗಿಡದ ಹೂವು. ಗಾಳಿಯಲ್ಲಿ ತೇವ ಜಾಸ್ತಿಯಾದರೆ ಒಣಗಿದ ಮೇಲೂ ಅದರ ದಳ ಮುದುಡಿಕೊಳ್ಳುತ್ತದೆ, ಬಿಸಿಲಿದ್ದರೆ ಬಿಚ್ಚಿಕೊಳ್ಳುತ್ತದೆ. ಮಳೆ ಯಾವಾಗ ಅನ್ನುವುದೇ ಬದುಕಿನ ಪ್ರಶ್ನೆಯಾದ ಊರಿನಲ್ಲಿ ಹವಾಮಾನ ವರದಿ ಬಾಗಿಲಿಗೇ ನೇತು ಹಾಕಿದ್ದರು.

ಕುರಿಯೇ ಯಾಕೆ

ಹಸುವಿಗೆ ದಿನಕ್ಕೆ ಹತ್ತಾರು ಲೀಟರ್ ನೀರು ಬೇಕು, ಎತ್ತರದ ಹುಲ್ಲು ಬೇಕು. ಇಲ್ಲಿ ಎರಡೂ ಇಲ್ಲ. ಕುರಿ ಹಾಗಲ್ಲ. ಗಿಡ್ಡ ಹುಲ್ಲನ್ನೂ ಕಲ್ಲುಸಂದಿಯ ಥೈಮ್ ಗಿಡವನ್ನೂ ಕತ್ತರಿಸಿ ತಿನ್ನುತ್ತದೆ. ವಸಂತದ ಹಸಿ ಹುಲ್ಲಿನಲ್ಲೇ ಅದಕ್ಕೆ ಬೇಕಾದ ಬಹುಪಾಲು ನೀರು ಸಿಗುತ್ತದೆ. ಹೀಗೆ ನೆಲವೇ ಕುರಿಯನ್ನು ಆರಿಸಿತು. ಆಮೇಲೆ ಕುರಿ ನೆಲವನ್ನು ತನಗೆ ಬೇಕಾದ ಹಾಗೆ ಮಾಡಿಕೊಂಡಿತು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಲಾರ್ಝಾಕ್ ನೋಡಿದವರಿಗೆ ಇದು ಯಾರೂ ಮುಟ್ಟದ ಪ್ರಕೃತಿ ಅನ್ನಿಸುತ್ತದೆ. ಅಲ್ಲ. ಮನುಷ್ಯರು ಸಾವಿರಾರು ವರ್ಷ ಕಾಡು ಕಡಿದು, ಕುರಿ ಮೇಯಿಸಿ ಮಾಡಿದ ಬಯಲು ಇದು. ಕುರಿಯ ಬಾಯಿ ಪ್ರತಿ ವರ್ಷ ಸಸಿಗಳನ್ನು ಕತ್ತರಿಸುತ್ತಿದ್ದರೆ ಮಾತ್ರ ಬಯಲು ಬಯಲಾಗಿ ಉಳಿಯುತ್ತದೆ. ಕುರಿ ಹಿಂಡು ನಿಂತು ಹೋದ ಕಡೆ ಕೆಲವೇ ವರ್ಷಕ್ಕೆ ಜೂನಿಪರ್, ಬಾಕ್ಸ್ ಪೊದೆಗಳು ಮೇಲೇಳುತ್ತವೆ, ಅವುಗಳ ನೆರಳಲ್ಲಿ ಪೈನ್ ಬರುತ್ತದೆ. ಕಾಡು ಬಂದರೆ ಒಳ್ಳೆಯದಲ್ಲವಾ ಅಂತ ಕೇಳಬಹುದು. ಬಿಸಿಲು ಬೇಡುವ ಆರ್ಕಿಡ್‌ಗಳು, ಬೆಳ್ಳಿ ಕೂದಲಿನಂತೆ ಹೊಳೆಯುವ ಸ್ಟೈಪಾ ಹುಲ್ಲು, ಬಯಲು ಹಕ್ಕಿಗಳು, ಇವೆಲ್ಲ ಬದುಕಿರುವುದು ಕುರಿ ತೆರವು ಮಾಡಿಟ್ಟ ಜಾಗದಲ್ಲಿ. 2011ರಲ್ಲಿ ಯುನೆಸ್ಕೋ ‘ಕೋಸ್ ಮತ್ತು ಸೆವೆನ್’ ಸೀಮೆಯನ್ನು ವಿಶ್ವಪರಂಪರೆ ಪಟ್ಟಿಗೆ ಸೇರಿಸಿದ್ದು ಕುರಿ ಮೇಯಿಸುವ ಬದುಕು ಕಟ್ಟಿದ ಭೂದೃಶ್ಯ ಎಂಬ ಕಾರಣಕ್ಕೆ. ಪಟ್ಟಿಯಲ್ಲಿ ಹೆಸರು ಊರುಗಳದ್ದಿರಬಹುದು, ಸಲ್ಲಬೇಕಾದ್ದು ಕುರಿಗೆ.

ಕುರಿಯ ಲೆಕ್ಕಾಚಾರವನ್ನು ದೊಡ್ಡ ಪ್ರಮಾಣದಲ್ಲಿ ಮಾಡಿದವರು ಟೆಂಪ್ಲರ್‌ಗಳು. ಇವರು ಅರ್ಧ ಸನ್ಯಾಸಿಗಳು, ಅರ್ಧ ಯೋಧರು. ಜೆರುಸಲೇಮ್ ಕಡೆಯ ಯುದ್ಧಕ್ಕೆ ದುಡ್ಡು, ಕುದುರೆ ಹೊಂದಿಸುವುದಕ್ಕೆ 12ನೇ ಶತಮಾನದಲ್ಲಿ ಲಾರ್ಝಾಕ್‌ನ ದೊಡ್ಡ ಭಾಗ ಹಿಡಿದರು. ಅವರಿಗೆ ಇದು ಉಣ್ಣೆ, ಚರ್ಮ, ಧಾನ್ಯ, ಕುದುರೆ ಬೆಳೆಯುವ ಎಸ್ಟೇಟು. ಪಕ್ಕದ ಒಂದು ಊರಿನ ಹೆಸರೇ ಲಾ ಕಾವಲ್ರಿ, ಅಂದರೆ ಕುದುರೆ ಸವಾರರ ಜಾಗ. ಲಾ ಕುವೆರ್ತ್ವಾರಾದ್‌ನ ಒಳಗಿನ ಪುಟ್ಟ ದುರ್ಗ ಕಟ್ಟಿದ್ದೂ ಅವರೇ. 1312ರಲ್ಲಿ ಆ ಪಂಥವನ್ನು ಪೋಪ್ ರದ್ದು ಮಾಡಿದ ಮೇಲೆ ಆಸ್ತಿ ಹಾಸ್ಪಿಟಲರ್ ಎಂಬ ಇನ್ನೊಂದು ಪಂಥಕ್ಕೆ ಹೋಯಿತು. ಈಗ ಕಾಣುವ ಕೋಟೆ ಗೋಡೆ ಕಟ್ಟಿಸಿದ್ದು ಇವರು, 15ನೇ ಶತಮಾನದಲ್ಲಿ. ಆಗ ಇಂಗ್ಲೆಂಡ್ ಜತೆ ನೂರು ವರ್ಷದ ಯುದ್ಧ ನಡೆಯುತ್ತಿತ್ತು. ಸಂಬಳವಿಲ್ಲದ ಸಿಪಾಯಿಗಳು ಗುಂಪು ಕಟ್ಟಿಕೊಂಡು ಊರು ದೋಚುತ್ತಿದ್ದ ಕಾಲ. ಟೂರಿಸ್ಟ್ ಬೋರ್ಡುಗಳಲ್ಲಿ ಎಲ್ಲದಕ್ಕೂ ಟೆಂಪ್ಲರ್ ಹೆಸರು ಜಾಸ್ತಿ ಕಾಣುತ್ತದೆ. ಹೆಸರಿಗೆ ಗತ್ತು ಇದೆ, ಮಾರಾಟವಾಗುತ್ತದೆ.

ಜಾರಿದ ಬೆಟ್ಟದೊಳಗಿನ ಚೀಸ್

ಈಗ ಹಾಲಿಗೆ ಬರೋಣ. ಲಾರ್ಝಾಕ್‌ನ ಪಶ್ಚಿಮದ ಅಂಚಿನಲ್ಲಿ ಕೊಂಬಾಲು ಎಂಬ ಬೆಟ್ಟ, ಅದರ ಮಗ್ಗುಲಿಗೆ ಅಂಟಿಕೊಂಡ ರೋಕ್‌ಫೋರ್ ಎಂಬ ಸಣ್ಣ ಊರು. ನೀಲಿ ಚೀಸ್ ತಿನ್ನುವವರಿಗೆ ಹೆಸರು ಗೊತ್ತಿರುತ್ತದೆ.

ಇಲ್ಲೂ ಕಥೆ ಶುರುವಾಗುವುದು ಅದೇ ಸೋರಿಹೋದ ನೀರಿನಿಂದ. ಸುಣ್ಣದಕಲ್ಲಿನೊಳಗೆ ಇಳಿದ ನೀರು ಕೆಳಗಿನ ಜೇಡಿ ಪದರವನ್ನು ನೆನೆಸಿತು. ಒದ್ದೆ ಜೇಡಿ ಅಂದರೆ ಸಾಬೂನು. ಅದರ ಮೇಲೆ ಕೂತಿದ್ದ ಬೆಟ್ಟದ ಒಂದು ಭಾಗ ಜಾರಿ ಕುಸಿಯಿತು. ಕುಸಿದ ಬಂಡೆಗಳು ಒಂದರ ಮೇಲೊಂದು ಅಡ್ಡಾದಿಡ್ಡಿ ಬಿದ್ದು ನಡುವೆ ಪೊಳ್ಳು ಉಳಿಯಿತು, ಮೇಲಿನ ತನಕ ಉದ್ದುದ್ದ ಸೀಳು ಉಳಿಯಿತು. ಈ ಸೀಳುಗಳಿಗೆ ‘ಫ್ಲ್ಯೂರಿನ್’ ಅನ್ನುತ್ತಾರೆ. ಅವು ಬೆಟ್ಟದ ಮೂಗಿನ ಹೊಳ್ಳೆಗಳು. ಹೊರಗೆ ಎಷ್ಟೇ ಬಿಸಿಲಿರಲಿ, ಹಿಮ ಬೀಳಲಿ, ಅವುಗಳ ಮೂಲಕ ಬರುವ ಗಾಳಿ ಗುಹೆಗಳ ಒಳಗನ್ನು ವರ್ಷವಿಡೀ ತಂಪಾಗಿ, ಸುಮಾರು 10 ಡಿಗ್ರಿಯ ಆಸುಪಾಸಿನಲ್ಲಿ ಇಟ್ಟಿರುತ್ತದೆ. ತೇವ ಎಷ್ಟೆಂದರೆ ಗೋಡೆ ಬೆವರುತ್ತಿರುತ್ತದೆ. ನೆಲಮಾಳಿಗೆಯ ಮೇಲೆ ನೆಲಮಾಳಿಗೆ, ಅಂತಸ್ತು ಅಂತಸ್ತಾಗಿ. ಉದ್ದ ಓಕ್ ಹಲಗೆಗಳ ಮೇಲೆ ಬಿಳಿ ಚೀಸಿನ ಗುಂಡುಗಳು ಸಾಲಾಗಿ ಕೂತಿರುತ್ತವೆ. ಒಂದೊಂದೂ ಎರಡೂವರೆ ಕಿಲೋ ಮೇಲೆಯೇ.

ನೀಲಿ ಗೆರೆ ಬರುವುದು ಪೆನಿಸಿಲಿಯಂ ರೋಕ್‌ಫೋರ್ಟಿ ಎಂಬ ಬೂಷ್ಟಿನಿಂದ. ಹಿಂದೆ ಇದನ್ನು ಬೆಳೆಸುತ್ತಿದ್ದದ್ದು ಬ್ರೆಡ್ಡಿನಲ್ಲಿ. ರೈ ಹಿಟ್ಟು ಹಾಕಿದ ದೊಡ್ಡ ಬ್ರೆಡ್ಡನ್ನು ಹೊರಗೆ ಕರಕಲಾಗುವಷ್ಟು, ಒಳಗೆ ಹಸಿ ಉಳಿಯುವಷ್ಟು ಸುಟ್ಟು ಗುಹೆಯಲ್ಲಿ ಇಡುವುದು. ವಾರಗಟ್ಟಲೆ ಬಿಟ್ಟರೆ ಒಳಗೆಲ್ಲ ಹಸಿರು ನೀಲಿ ಬೂಷ್ಟು. ಅದನ್ನು ಒಣಗಿಸಿ ಪುಡಿ ಮಾಡಿ ಹಾಲಿಗೆ ಸೇರಿಸುವುದು. ಈಗ ಬೂಷ್ಟನ್ನು ಹೆಚ್ಚಾಗಿ ಲ್ಯಾಬಿನಲ್ಲಿ ಬೆಳೆಸುತ್ತಾರೆ. ಬೂಷ್ಟಿಗೆ ಉಸಿರಾಡಲು ಗಾಳಿ ಬೇಕು, ಗಟ್ಟಿ ಚೀಸಿನ ಒಳಗೆ ಗಾಳಿ ಇರುವುದಿಲ್ಲ. ಅದಕ್ಕೆ ಗುಹೆಗೆ ಬರುವ ಮೊದಲು ಒಂದೊಂದು ಗುಂಡಿಗೂ ಹತ್ತಾರು ಸೂಜಿ ಚುಚ್ಚಿ ತೂತು ಮಾಡುತ್ತಾರೆ. ಆ ತೂತುಗಳ ಉದ್ದಕ್ಕೂ ನೀಲಿ ಹಬ್ಬುತ್ತದೆ. ಚೀಸನ್ನು ಅಡ್ಡ ಕೊಯ್ದಾಗ ಕಾಣುವ ನೇರ ನೀಲಿ ಗೆರೆಗಳು ಸೂಜಿ ಹೋದ ದಾರಿಗಳೇ. ಬೆಟ್ಟದಲ್ಲಿ ನೀರು ಮಾಡಿದ ಕೆಲಸವನ್ನು ಚೀಸಿನಲ್ಲಿ ಸೂಜಿ ಮಾಡುತ್ತದೆ.

ರುಚಿ? ಉಪ್ಪು, ಖಾರ, ಸ್ವಲ್ಪ ಕೊಟ್ಟಿಗೆ. ಮೊದಲ ತುತ್ತು ಇಷ್ಟವಾಗದಿದ್ದರೆ ನಿಮ್ಮ ನಾಲಿಗೆಯ ತಪ್ಪಲ್ಲ.

1411ರಲ್ಲೇ ಫ್ರಾನ್ಸಿನ ದೊರೆ ಆರನೇ ಚಾರ್ಲ್ಸ್ ಈ ಚೀಸನ್ನು ಹಣ್ಣು ಮಾಡುವ ಹಕ್ಕನ್ನು ರೋಕ್‌ಫೋರ್ ಊರಿನವರಿಗೆ ಬರೆದುಕೊಟ್ಟಿದ್ದ. 1925ರಲ್ಲಿ ಪಾರ್ಲಿಮೆಂಟು ಕಾನೂನೇ ಮಾಡಿತು. ಹುಟ್ಟಿದ ಜಾಗದ ಹೆಸರಿಗೆ ಹೀಗೆ ಕಾನೂನಿನ ಕಾವಲು ಸಿಕ್ಕ ಮೊದಲ ಫ್ರೆಂಚ್ ಚೀಸ್ ಇದು. ನಿಯಮ ಹೀಗಿದೆ: ಲಾಕೋನ್ ತಳಿಯ ಕುರಿಯ ಹಾಲೇ ಆಗಬೇಕು, ಕಾಯಿಸಬಾರದು, ಕೆನೆ ತೆಗೆಯಬಾರದು, ಕೊಂಬಾಲು ಬೆಟ್ಟದ ಗುಹೆಯಲ್ಲೇ ಹಣ್ಣಾಗಬೇಕು, ಮಾರುವ ಮೊದಲು ಕನಿಷ್ಠ 90 ದಿನ ಆಗಿರಬೇಕು. ನಮ್ಮ ಜಿಐ ಟ್ಯಾಗ್ ಇದೇ ದಾರಿಯದು. ಒಂದು ಕಿಲೋ ಚೀಸಿಗೆ ನಾಲ್ಕೂವರೆ ಲೀಟರ್ ಹಾಲು ಬೇಕು ಅನ್ನುವಾಗ, ಮೇಲಿನ ಬಯಲಿನಲ್ಲಿ ಎಷ್ಟು ಕುರಿ ಬೇಕು ಅಂತ ನೀವೇ ಲೆಕ್ಕ ಹಾಕಿ.

ಚೀಸಿನ ಅಂಗಡಿಯಲ್ಲಿ ಹೇಳದ ಇನ್ನೊಂದು ಮಾತು ಇದೆ. ಹಾಲು ಬರಬೇಕಾದರೆ ಕುರಿ ಮರಿ ಹಾಕಬೇಕು. ಮರಿ ಒಂದು ತಿಂಗಳ ಹೊತ್ತಿಗೆ ತಾಯಿಯಿಂದ ಬೇರೆಯಾಗುತ್ತದೆ, ಹಾಲು ಡೇರಿಗೆ ಹೋಗುತ್ತದೆ. ಹಿಂಡಿಗೆ ಬೇಕಾದಷ್ಟು ಹೆಣ್ಣು ಮರಿ ಉಳಿಸಿಕೊಂಡು ಉಳಿದವನ್ನು ಮಾಂಸಕ್ಕೆ ಕೊಡುತ್ತಾರೆ. ಎಳೆ ಮರಿಯ ಚರ್ಮ ತೆಳು, ಮೃದು. ಪ್ರಸ್ಥಭೂಮಿಯ ಕೆಳಗಿರುವ ಮಿಯೋ ಪಟ್ಟಣ ಕೈಗವಸಿಗೆ ಹೆಸರಾದದ್ದು ಈ ಚರ್ಮದಿಂದ. ಪ್ಯಾರಿಸ್ಸಿನ ಹೆಂಗಸರ ಕೈ ಬೆಚ್ಚಗಿಟ್ಟ ಗ್ಲೌಸ್‌ನ ಹಿಂದೆ ಚೀಸ್ ಇತ್ತು. ಇನ್ನು ಹಿಕ್ಕೆ ಗೊಬ್ಬರ ಸೋಚ್‌ನ ಹೊಲಕ್ಕೆ ಹೋಗುತ್ತದೆ. ಅಲ್ಲಿ ಧಾನ್ಯ, ಮೇವಿನ ಲೂಸರ್ನ್ (ನಮ್ಮ ರೈತರ ಕುದುರೆ ಮಸಾಲೆ) ಬೆಳೆಯುತ್ತದೆ. ಅದು ಚಳಿಗಾಲದಲ್ಲಿ ಹಟ್ಟಿಯೊಳಗಿನ ಕುರಿಗೆ. ಸತ್ತ ಕುರಿಯೂ ದಂಡವಾಗುವುದಿಲ್ಲ. ಇಲ್ಲಿಂದ ಪೂರಾ ಮಾಯವಾಗಿದ್ದ ಗ್ರಿಫನ್ ರಣಹದ್ದುಗಳನ್ನು 1981ರಿಂದ ಮತ್ತೆ ತಂದು ಬಿಟ್ಟರು. ಈಗ ಎಷ್ಟೋ ರೈತರು ಹೆಣ ಇಡಲು ಬೇಲಿ ಹಾಕಿದ ಜಾಗ ಮಾಡಿಕೊಂಡಿದ್ದಾರೆ. ಹದ್ದುಗಳು ಬಂದು ಮೂಳೆ ಮಾತ್ರ ಬಿಟ್ಟು ಹೋಗುತ್ತವೆ.

200 ಜನಕ್ಕೊಬ್ಬ ಮೇಯರ್

ಊರಿನ ಆಡಳಿತದ ಮಾತು ಚುಟುಕಾಗಿ. ಫ್ರಾನ್ಸಿನಲ್ಲಿ ‘ಕೊಮ್ಯೂನ್’ ಎಂಬ ಘಟಕಗಳು ಸುಮಾರು 35,000 ಇವೆ. ಅರ್ಧಕ್ಕಿಂತ ಹೆಚ್ಚು ಕೊಮ್ಯೂನ್‌ಗಳಲ್ಲಿ 500 ಜನ ಸಹ ಇಲ್ಲ. ಆದರೂ ಪ್ಯಾರಿಸ್ಸಿಗೆ ಮೇಯರ್ ಇದ್ದ ಹಾಗೆ ಇಲ್ಲೂ ಮೇಯರ್, ಚುನಾಯಿತ ಮಂಡಳಿ, ಕಚೇರಿ. ಮದುವೆ ಕಾನೂನಿಗೆ ಒಪ್ಪುವುದು ಆ ಕಚೇರಿಯಲ್ಲಿ ಆದರೆ ಮಾತ್ರ. ಚರ್ಚಿನಲ್ಲಿ ಆಗುವುದು ಮನೆಯವರ ಸಮಾಧಾನಕ್ಕೆ. ತಮಾಷೆ ಅಂದರೆ ಚರ್ಚಿನ ಕಟ್ಟಡವೂ ಕೊಮ್ಯೂನಿನದೇ. 1905ರಲ್ಲಿ ಧರ್ಮ ಬೇರೆ ಸರ್ಕಾರ ಬೇರೆ ಎಂಬ ಕಾನೂನು ಬಂದ ಮೇಲೆ, ಅದಕ್ಕೂ ಮುಂಚಿನ ಊರ ಚರ್ಚುಗಳ ಮಾಡು ಸೋರಿದರೆ ಓಡಬೇಕಾದವರು ಮೇಯರ್.

ಇನ್ನೊಂದು ಕಲ್ಲು ಹೆಚ್ಚುಕಡಿಮೆ ಪ್ರತಿ ಊರಲ್ಲೂ ಇರುತ್ತದೆ. ಮೊದಲ ಮಹಾಯುದ್ಧದಲ್ಲಿ ಸತ್ತ ಊರ ಹುಡುಗರ ಹೆಸರು ಕೆತ್ತಿದ ಕಲ್ಲು. ಸಣ್ಣ ಊರಿನ ಕಲ್ಲಿನಲ್ಲಿ ಒಂದೇ ಮನೆಹೆಸರು ಎರಡು ಮೂರು ಸಲ ಬಂದರೆ ಸುಮ್ಮನೆ ನಿಂತು ನೋಡುವುದಷ್ಟೇ. ಫ್ರಾನ್ಸ್ ಆ ಯುದ್ಧದಲ್ಲಿ 13 ಲಕ್ಷಕ್ಕೂ ಹೆಚ್ಚು ಸೈನಿಕರನ್ನು ಕಳೆದುಕೊಂಡಿತು. ಹಳ್ಳಿಗಳು ಖಾಲಿಯಾಗಲು ಅದೊಂದು ಕಾರಣ. ಉಳಿದದ್ದನ್ನು ಪಟ್ಟಣದ ಸಂಬಳ ಮಾಡಿತು.

ಬರಡು ನೆಲ ಅಂದವರಿಗೆ ಸಿಕ್ಕ ಉತ್ತರ

1971ರ ಅಕ್ಟೋಬರ್‌ನಲ್ಲಿ ರಕ್ಷಣಾ ಮಂತ್ರಿ ಮಿಶೆಲ್ ದೆಬ್ರೆ ಒಂದು ಘೋಷಣೆ ಮಾಡಿದರು. ಲಾರ್ಝಾಕ್‌ನಲ್ಲಿ 1902ರಿಂದ ಇದ್ದ 3,000 ಹೆಕ್ಟೇರ್ ಸೇನಾ ಶಿಬಿರವನ್ನು 17,000 ಹೆಕ್ಟೇರಿಗೆ ಹಿಗ್ಗಿಸುವುದು. ಪ್ಯಾರಿಸ್ಸಿನ ಕಣ್ಣಿಗೆ ಇದು ಕಲ್ಲು ಬಿದ್ದ ಬರಡು ಜಾಗ, ನಾಲ್ಕು ಕುರಿ ಬಿಟ್ಟರೆ ಏನಿದೆ ಅಲ್ಲಿ? ಈಗ ನಿಮಗೆ ಗೊತ್ತು ಅಲ್ಲಿ ಏನಿದೆ ಅಂತ. ಬೂದು ಬಯಲು ಖಾಲಿ ಅಲ್ಲ, ಅದು ಮೇವು. ಮೇವು ಹೋದರೆ ಹಾಲು ಹೋಗುತ್ತದೆ, ಹಾಲು ಹೋದರೆ ಊರೇ ಹೋಗುತ್ತದೆ.

ಆ ರೈತರು ಕ್ರಾಂತಿಕಾರಿಗಳಲ್ಲ. ಬಹುಪಾಲು ಚರ್ಚಿಗೆ ಹೋಗುವ, ಸರ್ಕಾರ ಹೇಳಿದ್ದು ಕೇಳುವ ಜನ. ಇವರ ನಡುವೆ 1972ರ ಮಾರ್ಚ್‌ನಲ್ಲಿ ಉದ್ದ ಗಡ್ಡದ ಒಬ್ಬ ಮುದುಕ ಬಂದು ಲಾ ಕಾವಲ್ರಿಯಲ್ಲಿ 15 ದಿನ ಉಪವಾಸ ಕೂತರು. ಹೆಸರು ಲಾಂಝಾ ದೆಲ್ ವಾಸ್ತೊ. ಇಟಲಿಯಲ್ಲಿ ಹುಟ್ಟಿದವರು. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿ ಜತೆ ಇದ್ದು ಬಂದವರು. ಗಾಂಧೀಜಿ ಇವರಿಗಿಟ್ಟ ಹೆಸರು ಶಾಂತಿದಾಸ್. ಫ್ರಾನ್ಸಿನಲ್ಲಿ ಅವರು ಆಶ್ರಮದಂಥ ಒಂದು ಸಮುದಾಯವನ್ನೂ ಕಟ್ಟಿದ್ದರು. ಉಪವಾಸ ನಡೆಯುತ್ತಿದ್ದಾಗಲೇ, ಮಾರ್ಚ್ 28ರಂದು, ಜಾಗ ಹೋಗಲಿದ್ದ ರೈತರಲ್ಲಿ 103 ಜನ ಸಹಿ ಹಾಕಿದರು: ನೆಲ ಮಾರುವುದಿಲ್ಲ, ಯಾರೂ ಒಂಟಿಯಾಗಿ ಮಾತುಕತೆಗೆ ಹೋಗುವುದಿಲ್ಲ. ಹೊಡೆದಾಟವೂ ಇಲ್ಲ.

ಆಮೇಲಿನ ಹತ್ತು ವರ್ಷ ಅವರು ಮಾಡಿದ್ದು ನೋಡಿದರೆ ನಗು ಬರುತ್ತದೆ, ಗೌರವವೂ ಬರುತ್ತದೆ. 1972ರ ಅಕ್ಟೋಬರ್‌ನಲ್ಲಿ 60 ಕುರಿಗಳನ್ನು ತಂದು ಐಫೆಲ್ ಟವರ್ ಬುಡದಲ್ಲಿ ಮೇಯಲು ಬಿಟ್ಟರು. ಮಾರನೇ ವರ್ಷ ಟ್ರ್ಯಾಕ್ಟರ್ ಹತ್ತಿ ಪ್ಯಾರಿಸ್ಸಿಗೆ ಹೊರಟರು. 1978ರಲ್ಲಿ ನಡೆದುಕೊಂಡೇ ಹೋದರು, 700 ಕಿಲೋಮೀಟರ್. ಸೇನೆ ಜಾಗ ವಶಪಡಿಸಿಕೊಳ್ಳುವುದು ಕಷ್ಟವಾಗಲಿ ಅಂತ ದೇಶದ ಸಾವಿರಾರು ಬೆಂಬಲಿಗರು ದುಡ್ಡು ಹಾಕಿ ನೆಲದಲ್ಲಿ ಪಾಲು ಕೊಂಡರು. ಲಾ ಬ್ಲಾಕಿಯೇರ್ ಎಂಬ ಕೇರಿಯಲ್ಲಿ ಪರವಾನಗಿ ಇಲ್ಲದೆಯೇ ದೊಡ್ಡ ಕುರಿಹಟ್ಟಿ ಕಟ್ಟಿದರು. ಹಳೆಯ ಕಾಲದ ಹಾಗೆ ಕಲ್ಲಿನ ಕಮಾನು, ಬಂದ ಸ್ವಯಂಸೇವಕರದೇ ಕೈಕೆಲಸ. ಅದರ ಕಲ್ಲುಗಳ ಮೇಲೆ ಕೆತ್ತಿದ ಬರಹ ಇವತ್ತೂ ಇದೆ. ಗೋಡೆ ಮೇಲೆಲ್ಲ ಒಂದು ಘೋಷಣೆ: ‘ಗಾರ್ದಾರೆಮ್ ಲೊ ಲಾರ್ಝಾಕ್’, ಲಾರ್ಝಾಕ್ ಉಳಿಸಿಕೊಳ್ಳುತ್ತೇವೆ. ಇದು ಫ್ರೆಂಚ್ ಅಲ್ಲ, ಆ ಸೀಮೆಯ ಆಡುಮಾತಾದ ಆಕ್ಸಿಟಾನ್. ಶಾಲೆಯಲ್ಲಿ ಮಾತಾಡಿದರೆ ಶಿಕ್ಷೆ ಕೊಡುತ್ತಿದ್ದ ಭಾಷೆ ಕೊನೆಗೆ ಗೋಡೆ ಹತ್ತಿತು.

1981ರ ಮೇ ತಿಂಗಳಲ್ಲಿ ಫ್ರಾಂಸ್ವಾ ಮಿತ್ತೆರಾಂ ಅಧ್ಯಕ್ಷರಾಗಿ ಗೆದ್ದರು, ಮುಂದಿನ ತಿಂಗಳೇ ಯೋಜನೆ ರದ್ದಾಯಿತು.

ಈ ಹೋರಾಟದ ದಿನಗಳಲ್ಲೇ ಸೇನೆ ಕೊಂಡಿದ್ದ ಒಂದು ಹಳೆಯ ಜಮೀನಿಗೆ ನುಗ್ಗಿ ಕುರಿ ಸಾಕಲು ಕೂತ ಹುಡುಗ ಜೋಸೆ ಬೋವೆ. 1999ರಲ್ಲಿ ಯುರೋಪು ಹಾರ್ಮೋನ್ ಹಾಕಿದ ಗೋಮಾಂಸ ಬೇಡ ಅಂದದ್ದಕ್ಕೆ ಸಿಟ್ಟಾದ ಅಮೆರಿಕ, ರೋಕ್‌ಫೋರ್ ಚೀಸಿನ ಮೇಲೆ 100% ಸುಂಕ ಹಾಕಿತು. ಆಗಸ್ಟ್‌ನಲ್ಲಿ ಬೋವೆ ಮತ್ತು ಸಂಗಡಿಗರು ಮಿಯೋದಲ್ಲಿ ಇನ್ನೂ ಕಟ್ಟುತ್ತಿದ್ದ ಮೆಕ್‌ಡೊನಾಲ್ಡ್ಸ್ ಅಂಗಡಿಯನ್ನು ಬಿಚ್ಚಿ ಹಾಕಿ ಜೈಲಿಗೆ ಹೋದರು. ಓದುವಾಗ ನಮಗೆ ಬೆಂಗಳೂರಿನ ಕೆಎಫ್‌ಸಿ ನೆನಪಾಗಬೇಕು. 1996ರಲ್ಲಿ ಪ್ರೊಫೆಸರ್ ನಂಜುಂಡಸ್ವಾಮಿ ಅವರ ರೈತ ಸಂಘ ಅಲ್ಲಿಗೆ ನುಗ್ಗಿತ್ತು. ಇದು ಬರೀ ಹೋಲಿಕೆ ಅಲ್ಲ. ಬೋವೆಯವರ ರೈತ ಸಂಘಟನೆ, ನಮ್ಮ ರೈತ ಸಂಘ ಎರಡೂ ವಿಯಾ ಕಂಪೆಸಿನಾ ಎಂಬ ಜಾಗತಿಕ ರೈತ ಒಕ್ಕೂಟದಲ್ಲಿದ್ದವು. ಅದೇ 1999ರ ಬೇಸಿಗೆಯಲ್ಲಿ ನೂರಾರು ಭಾರತೀಯ ರೈತರು ಜಾಥಾ ಹೊರಟು ಯುರೋಪು ಸುತ್ತಿದರು. ಅವರಲ್ಲಿ ಹಸಿರು ಶಾಲಿನವರೂ ಇದ್ದರು.

ಗೆದ್ದ ಮೇಲೆ ಒಂದು ಪ್ರಶ್ನೆ ಉಳಿಯಿತು. ಸೇನೆ ಆಗಲೇ ಕೊಂಡುಬಿಟ್ಟಿದ್ದ 6,300 ಹೆಕ್ಟೇರ್ ಯಾರದು? ರೈತರು ಹಂಚಿಕೊಳ್ಳಲಿಲ್ಲ. 1985ರಲ್ಲಿ ಒಂದು ಸೊಸೈಟಿ ಮಾಡಿಕೊಂಡು ಸರ್ಕಾರದಿಂದ ದೀರ್ಘ ಗುತ್ತಿಗೆಗೆ ತೆಗೆದುಕೊಂಡರು. 2013ರಲ್ಲಿ ಆ ಗುತ್ತಿಗೆ 2083ರ ತನಕ ಮುಂದುವರಿಯಿತು. ಇಲ್ಲಿ ನೆಲ ಯಾರ ಹೆಸರಿಗೂ ಇಲ್ಲ. ರೈತ ದುಡಿಯುವಷ್ಟು ಕಾಲ ಜಮೀನು, ಮನೆ, ಹಟ್ಟಿ ಅವನದು. ನಿವೃತ್ತಿಯಾದ ದಿನ ಬಿಟ್ಟುಕೊಡಬೇಕು, ಮಗನಿಗೇ ಸಿಗುತ್ತದೆ ಅಂತ ಇಲ್ಲ. ಮುಂದೆ ಯಾರು ಕುರಿ ಕಟ್ಟುತ್ತಾರೆ ಅನ್ನುವುದನ್ನು ಸೊಸೈಟಿ ತೀರ್ಮಾನಿಸುತ್ತದೆ. ಫ್ರಾನ್ಸಿನ ಉಳಿದ ಕಡೆ ಸಣ್ಣ ಜಮೀನುಗಳನ್ನು ದೊಡ್ಡ ಜಮೀನುಗಳು ನುಂಗುತ್ತಿರುವಾಗ ಇಲ್ಲಿ ಹೊಸಬರಿಗೂ ಜಾಗ ಸಿಗುತ್ತಿದೆ. ಮುದಿ ವಯಸ್ಸಿನಲ್ಲಿ ಮನೆ ಬಿಟ್ಟು ಹೋಗುವವರ ಸಂಕಟ ಸಣ್ಣದಲ್ಲ, ಅದನ್ನೂ ಹೇಳಬೇಕು.

ಸೇನಾ ಶಿಬಿರ ಹಳೆಯ ಅಳತೆಯಲ್ಲಿ ಈಗಲೂ ಇದೆ. 2016ರಲ್ಲಿ ಫಾರಿನ್ ಲೀಜನ್‌ನ (ಹೊರದೇಶದವರನ್ನು ಸೇರಿಸಿಕೊಳ್ಳುವ ಫ್ರೆಂಚ್ ಸೇನೆಯ ವಿಭಾಗ) ಒಂದು ತುಕಡಿ ಬಂದು ಸೇರಿಕೊಂಡಿದೆ. ಊರಿಗೆ ನಲ್ಲಿ ನೀರು ಬಂದು ಬಹಳ ಕಾಲವಾಯಿತು. ಲಾವೋನ್ಯದಲ್ಲಿ ಬೇಸಿಗೆಯ ಪ್ರವಾಸಿಗರು ಫೋಟೋ ತೆಗೆದುಕೊಳ್ಳುತ್ತಾರೆ. ಹೊಸ ತಕರಾರು ತೋಳದ್ದು. ಎಷ್ಟೋ ವರ್ಷ ಕಾಣದಿದ್ದ ತೋಳ ಬೆಟ್ಟ ದಾಟಿ ಈ ಕಡೆ ಮರಳಿದೆ. ಬಯಲಿನಲ್ಲಿ ಕುರಿ ಬಿಡಲು ರೈತರಿಗೆ ಭಯ, ಬಿಡದಿದ್ದರೆ ಪೊದೆ ಏಳುತ್ತದೆ. ಕೆಲವು ಹಿಂಡುಗಳ ನಡುವೆ ಈಗ ಕುರಿಯಷ್ಟೇ ಬೆಳ್ಳಗಿನ, ಕುರಿಗಿಂತ ದೊಡ್ಡ ಕಾವಲು ನಾಯಿಗಳು ಮಲಗಿರುತ್ತವೆ. ಕಾಲುದಾರಿಯ ಬೋರ್ಡಿನಲ್ಲಿ ಆ ನಾಯಿಯ ಚಿತ್ರ, ಕೆಳಗೆ ಸೂಚನೆ: ಹಿಂಡಿನ ನಡುವೆ ಹೋಗಬೇಡಿ, ದೂರದಿಂದ ಸುತ್ತಿಕೊಂಡು ಹೋಗಿ.